ಸೊಲೆನಾಯ್ಡ್: ಕಾರು ಸ್ಟಾರ್ಟ್ ಆಗದೆ ‘ಟಕ್’ ಅಂದರೆ ಅದು ಏನು ಹೇಳುತ್ತಿದೆ?

ಕೀ ತಿರುಗಿಸಿದಾಗ ಬಾನೆಟ್ ಒಳಗಿಂದ ‘ಟಕ್’ ಅನ್ನುತ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಆ ಸದ್ದು ಮಾಡುವುದು ಸಾಮಾನ್ಯವಾಗಿ ಸೊಲೆನಾಯ್ಡ್. ಹೆಚ್ಚಿನ ಕಾರುಗಳಲ್ಲಿ ಇದು ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನ ಬೆನ್ನ ಮೇಲೆಯೇ ಕೂತಿರುವ ಸಣ್ಣ ಸಿಲಿಂಡರ್. ಸೆಲ್ಫ್ ಹೊಡೆಯಲಿಲ್ಲ ಅಂದ ತಕ್ಷಣ ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ಆದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಈ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದು ಒಳ್ಳೆಯದು. ಕರೆಂಟ್ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಅನ್ನುವುದರ ಸುಳಿವು ಅದರಲ್ಲೇ ಇರುತ್ತದೆ.

ಎಂಜಿನ್ ತಿರುಗಿಸಲು ಸೆಲ್ಫ್ ಮೋಟರ್ 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಗಾಡಿಯಾದರೆ ಇನ್ನೂ ಜಾಸ್ತಿ. ಅಷ್ಟು ಕರೆಂಟ್ ಕೀ ಸ್ವಿಚ್ಚಿನಲ್ಲಿ ಹರಿದರೆ ಸ್ವಿಚ್ ಸುಟ್ಟೇ ಹೋಗುತ್ತದೆ. ಹಾಗಾಗಿ ಕೀ ಕಡೆಯಿಂದ ಬರುವ ಸಣ್ಣ ಕರೆಂಟ್ ಸೊಲೆನಾಯ್ಡಿಗೆ ಹೋಗುತ್ತದೆ, ಸೊಲೆನಾಯ್ಡ್ ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ.

ಒಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ, ನಡುವೆ ಒಂದು ಕಬ್ಬಿಣದ ಪ್ಲಂಜರ್, ಅಂದರೆ ಹಿಂದೆ ಮುಂದೆ ಜಾರುವ ದಂಡ. ಕರೆಂಟ್ ಬಂದಾಗ ಸುರುಳಿ ಅಯಸ್ಕಾಂತವಾಗಿ ಪ್ಲಂಜರನ್ನು ಎಳೆದುಕೊಳ್ಳುತ್ತದೆ. ಆಗ ಎರಡು ಕೆಲಸ ಆಗುತ್ತವೆ. ಒಂದು ಲಿವರ್ ಸೆಲ್ಫ್ ಮೋಟರಿನ ಸಣ್ಣ ಹಲ್ಲುಚಕ್ರವನ್ನು ತಳ್ಳಿ, ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕೂರಿಸುತ್ತದೆ. ಪ್ಲಂಜರ್ ಕೊನೆ ಮುಟ್ಟಿದಾಗ ತಾಮ್ರದ ಒಂದು ಬಿಲ್ಲೆ ಎರಡು ದಪ್ಪ ಕಾಂಟ್ಯಾಕ್ಟ್‌ಗಳಿಗೆ ಬಡಿದು ಬ್ಯಾಟರಿಯನ್ನೂ ಮೋಟರನ್ನೂ ಜೋಡಿಸುತ್ತದೆ. ‘ಟಕ್’ ಹುಟ್ಟುವುದು ಇಲ್ಲೇ.

ಈಗ ಪಟಪಟ ಅಂತ ಬಿಡದೆ ಬರುವ ಸದ್ದನ್ನು ನೋಡೋಣ. ಎರಡು ಸುರುಳಿಗಳಲ್ಲಿ ಒಂದು ಎಳೆಯುವುದಕ್ಕೆ, ಇನ್ನೊಂದು ಹಿಡಿದಿಡುವುದಕ್ಕೆ. ಬಿಲ್ಲೆ ಕಾಂಟ್ಯಾಕ್ಟ್ ಮುಟ್ಟಿದ ಮೇಲೆ ಎಳೆಯುವ ಸುರುಳಿ ಸುಮ್ನಾಗುತ್ತದೆ, ಹಿಡಿಯುವುದೊಂದೇ ಉಳಿಯುತ್ತದೆ. ಬ್ಯಾಟರಿ ಡೌನ್ ಆಗಿದ್ದರೆ, ಮೋಟರ್ ಕರೆಂಟ್ ಎಳೆದ ಕ್ಷಣವೇ ವೋಲ್ಟೇಜ್ ಧಡಕ್ಕನೆ ಬೀಳುತ್ತದೆ. ಹಿಡಿಯುವ ಸುರುಳಿಗೆ ಶಕ್ತಿ ಸಾಲದೆ ಸ್ಪ್ರಿಂಗ್ ಪ್ಲಂಜರನ್ನು ಹಿಂದಕ್ಕೆ ತಳ್ಳುತ್ತದೆ. ಮೋಟರಿನ ಹೊರೆ ತಪ್ಪಿತಲ್ಲ, ವೋಲ್ಟೇಜ್ ಮತ್ತೆ ಏರುತ್ತದೆ, ಪ್ಲಂಜರ್ ಮತ್ತೆ ಒಳಗೆ ಹೋಗುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಅಂದರೆ ಪಟಪಟ ಸದ್ದು ಬಂದರೆ ಸೊಲೆನಾಯ್ಡ್ ಹೆಚ್ಚುಕಡಿಮೆ ಸರಿಯಾಗಿಯೇ ಇದೆ, ಅದಕ್ಕೆ ಊಟ ಸಾಲುತ್ತಿಲ್ಲ ಅಷ್ಟೇ.

ಊಟ ಸಾಲದಿರಲು ಬ್ಯಾಟರಿಯೇ ಕಾರಣ ಆಗಬೇಕಿಲ್ಲ. ಟರ್ಮಿನಲ್ ಸಡಿಲವಾಗಿದ್ದರೂ, ಅದರ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದ್ದರೂ ಇದೇ ಪಟಪಟ. ಮೊದಲು ಕ್ಲಾಂಪನ್ನು ಕೈಯಿಂದ ಅಲ್ಲಾಡಿಸಿ ನೋಡಿ. ತಿರುಗಿದರೆ ರೋಗ ಸಿಕ್ಕಿತು ಅಂತಲೇ ಅಂದುಕೊಳ್ಳಿ. ಬಿಚ್ಚಿ ಉಜ್ಜುವುದಾದರೆ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ಕೇಬಲನ್ನೂ ನೋಡಿ, ಅದನ್ನು ಮರೆಯುವವರೇ ಜಾಸ್ತಿ. ಮಲ್ಟಿಮೀಟರ್ ಇದ್ದರೆ ಲೆಕ್ಕ ಸುಲಭ: ಗಾಡಿ ನಿಂತಿದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು.

ಒಂದೇ ಒಂದು ಗಟ್ಟಿ ‘ಟಕ್’ ಬಂದು ಆಮೇಲೆ ಏನೂ ಇಲ್ಲದಿದ್ದರೆ ಕಥೆ ಬೇರೆ. ಪ್ಲಂಜರ್ ಹೋಗಿ ನಿಂತಿದೆ, ಮೋಟರ್ ತಿರುಗುತ್ತಿಲ್ಲ. ಇಲ್ಲಿ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಲೈಟ್ ಮೊದಲಿನಷ್ಟೇ ಪ್ರಕಾಶವಾಗಿದ್ದರೆ ದೊಡ್ಡ ಕರೆಂಟ್ ಹರಿಯುತ್ತಲೇ ಇಲ್ಲ ಅಂತ ಅರ್ಥ. ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟು ಸವೆದಿರಬಹುದು, ಅಥವಾ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಮುಗಿದಿರಬಹುದು. ಕೇಬಲ್ ಕೆಟ್ಟಿರುವ ಸಾಧ್ಯತೆಯೂ ಇದೆ. ಲೈಟ್ ಪೂರ್ತಿ ಮಂಕಾದರೆ ಮತ್ತೆ ಬ್ಯಾಟರಿ, ಟರ್ಮಿನಲ್ ಕಡೆ ನೋಡಿ. ಅವು ಸರಿಯಿದ್ದರೆ ಸೆಲ್ಫ್ ಮೋಟರೋ ಎಂಜಿನ್ನೋ ಜಾಮ್ ಆಗಿರಬಹುದು.

ಸೆಲ್ಫ್ ಮೋಟರಿಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟುವ ಹಳೇ ಉಪಾಯ ಕೆಲಸ ಮಾಡುವುದು ಇಂಥ ಕಡೆ. ಸವೆದ ಬ್ರಷ್ ಸ್ವಲ್ಪ ಕದಲಿ ಮತ್ತೆ ತಾಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ತಟ್ಟಿದ ಮೇಲೆ ಸ್ಟಾರ್ಟ್ ಆಯಿತು ಅಂತ ಖುಷಿಪಟ್ಟು ಬಿಟ್ಟುಬಿಡಬೇಡಿ, ಸೀದಾ ಗ್ಯಾರೇಜಿಗೆ ಹೋಗಿ.

ಇನ್ನೊಂದು ಮೋಸದ ಸದ್ದಿದೆ. ಡ್ಯಾಶ್‌ಬೋರ್ಡ್ ಕೆಳಗೋ ಫ್ಯೂಸ್ ಬಾಕ್ಸ್ ಕಡೆಯೋ ಸಣ್ಣಗೆ ‘ಟಿಕ್’ ಅಂದರೆ ಅದು ಸೊಲೆನಾಯ್ಡಿಗೆ ಕರೆಂಟ್ ಕಳಿಸುವ ಸಣ್ಣ ಸ್ವಿಚ್, ಅಂದರೆ ರಿಲೇ, ಸೊಲೆನಾಯ್ಡ್ ಅಲ್ಲ. ಕರೆಂಟ್ ಇನ್ನೂ ಸೊಲೆನಾಯ್ಡ್ ತನಕ ತಲುಪಿಲ್ಲದಿರಬಹುದು. ಒಬ್ಬರು ಕೀ ತಿರುಗಿಸಿ, ಇನ್ನೊಬ್ಬರು ಬಾನೆಟ್ ತೆರೆದು ದೂರ ನಿಂತು ಕೇಳಿದರೆ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಳ್ಳುವುದಾದರೆ ಪ್ಲಸ್‌ಗೆ ಪ್ಲಸ್. ಕೊನೆಯ ಮೈನಸ್ ಕ್ಲಿಪ್ ಮಾತ್ರ ಡೌನ್ ಆದ ಬ್ಯಾಟರಿಗೆ ಬೇಡ, ಅದರಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ಹಾರಿದರೆ ಅಪಾಯ. ಸ್ಟಾರ್ಟ್ ಆದ ಮೇಲೆ ಮೀಟರ್ ಇಟ್ಟು ನೋಡಿ: ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸಬೇಕಾದ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಬ್ಯಾಟರಿ ಬದಲಾಯಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಅದೇ ಪಟಪಟ.