ಯುದ್ಧಟ್ಯಾಂಕ್‌ಗೆ ನಮ್ಮ ಬೇಸಗೆಯೇ ಕಠಿಣ

ಹಳೆಯ ಯುದ್ಧಟ್ಯಾಂಕ್‌ನ ಸಂರಕ್ಷಣೆಯ ಬಗ್ಗೆ ಸಲಹೆ ಕೇಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳೊಂದಿಗೆ ಬರುತ್ತಾರೆ: ಯಾವ ಬಣ್ಣ ಬಳಿಯಬೇಕು, ಮಳೆಗಾಲಕ್ಕೆ ಏನು ಹೊದಿಸಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವುದರಿಂದ ಈ ಕಾಳಜಿ ಸಹಜವೇ. ಆದರೆ ಪಣಂಬೂರು, ಬೈಕಂಪಾಡಿ ಕಡೆಯ ಉಕ್ಕಿನ ರಚನೆಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಮಳೆಗಾಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ನವೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳು.

ಆ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಏಳುವ ಪಡುಗಾಳಿ ಕಡಲಿನ ಉಪ್ಪನ್ನು ಸೂಕ್ಷ್ಮ ಹನಿಗಳಾಗಿ ಹೊತ್ತು ತಂದು ಉಕ್ಕಿನ ಮೇಲೆ ಕೂರಿಸುತ್ತದೆ, ಅದನ್ನು ತೊಳೆದುಹಾಕಲು ಮಳೆ ಇರುವುದಿಲ್ಲ. ಮಳೆಗಾಲದ ಆಟಿ ತಿಂಗಳಿನಲ್ಲಿ ಅಡುಗೆಮನೆಯ ಭರಣಿಯ ಉಪ್ಪು ನೀರೊಡೆಯುವ ಹಾಗೆ ಈ ಉಪ್ಪೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸೋಡಿಯಂ ಕ್ಲೋರೈಡ್ ಕರಗಿ ನೀರಾಗಲು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಬೇಕು, ಕಡಲ ಉಪ್ಪಿನೊಳಗೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ನಮ್ಮಲ್ಲಿ ಆರ್ದ್ರತೆ ಅಷ್ಟು ಕೆಳಗಿಳಿಯುವುದು ಅಪರೂಪವಾದ್ದರಿಂದ, ಬಿಸಿಲಲ್ಲಿ ಒಣಗಿ ನಿಂತಂತೆ ಕಾಣುವ ಉಕ್ಕಿನ ಮೇಲೂ ಕಣ್ಣಿಗೆ ಬೀಳದಷ್ಟು ತೆಳ್ಳಗಿನ ಉಪ್ಪುನೀರಿನ ಪದರ ಉಳಿದೇ ಇರುತ್ತದೆ.

ಆದ್ದರಿಂದಲೇ ಬದಿಗಳು ತೆರೆದಿರುವ ಶೀಟಿನ ಮಾಡನ್ನು ಕಟ್ಟಿ ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುವುದು ಅಪಾಯಕಾರಿ. ಮಾಡಿನ ಕೆಳಗೆ ಮಳೆ ತಾಗುವುದಿಲ್ಲ, ಉಪ್ಪುಗಾಳಿ ಮಾತ್ರ ಧಾರಾಳವಾಗಿ ತಾಗುತ್ತದೆ. ಬಯಲಲ್ಲಿ ನಿಂತ ಟ್ಯಾಂಕ್‌ನಲ್ಲಿಯೂ ಮೊದಲು ಹಾಳಾಗುವುದು ಮಳೆ ಹೊಡೆಯುವ, ಫಿರಂಗಿ ಹೊತ್ತ ಗೋಪುರದ ನೆತ್ತಿಯಲ್ಲ; ಮಡ್‌ಗಾರ್ಡ್‌ನ ಒಳಮೈ, ಚಕ್ರಗಳ ಹಿಂಬದಿ, ಹೊಟ್ಟೆಯ ಕೆಳಭಾಗ ಮುಂತಾದ ಮರೆಯ ಜಾಗಗಳು.

1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಸೋವಿಯತ್ ನಿರ್ಮಿತ ಟಿ-55 ಟ್ಯಾಂಕ್ ಸುಮಾರು 36 ಟನ್ ತೂಗುತ್ತದೆ, ಅದರ ಮುಂಭಾಗದ ಕವಚ ಸುಮಾರು 100 ಮಿ.ಮೀ. ದಪ್ಪವಿದೆ. ತೀವ್ರ ಕರಾವಳಿ ವಾತಾವರಣದಲ್ಲಿ ಬಣ್ಣವಿಲ್ಲದ ಸಾದಾ ಉಕ್ಕು ಮೊದಲ ವರ್ಷದಲ್ಲಿ 80ರಿಂದ 200 ಮೈಕ್ರಾನ್‌ನಷ್ಟು (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಸವೆಯಬಹುದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಈ ಲೆಕ್ಕದಲ್ಲಿ ಕವಚದ ಬಗ್ಗೆ ನಮ್ಮ ಮೊಮ್ಮಕ್ಕಳೂ ಚಿಂತಿಸಬೇಕಾಗಿಲ್ಲ. ಆದರೆ ಮಡ್‌ಗಾರ್ಡ್, ಅದರ ಮೇಲಿನ ಹೊರಗಿನ ಇಂಧನ ತೊಟ್ಟಿಗಳು, ಉಪಕರಣಗಳ ಪೆಟ್ಟಿಗೆಗಳು, ಎಂಜಿನ್ ಮೇಲಿನ ಜಾಲರಿ ಇವೆಲ್ಲ ತೆಳು ತಗಡಿನವು, ಎರಡೂ ಮಗ್ಗುಲಿನಿಂದ ಸವೆಯುವಂಥವು. ಇವು ಉದುರಿಹೋದ ಮೇಲೆ ಉಳಿಯುವ ಉಕ್ಕಿನ ಮುದ್ದೆಯನ್ನು ನೋಡಿ ಅದರೊಂದಿಗೆ ಸೈನಿಕರು ಹೇಗೆ ಬದುಕಿದರೆಂದು ಯಾರಿಗೂ ತಿಳಿಯಲಾರದು.

ಬಣ್ಣದ ಮಾತಿಗೆ ಬರುವ ಮುಂಚೆ ಉಪ್ಪನ್ನು ಅಳೆಯಬೇಕು. ಅಂಚೆಚೀಟಿಗಿಂತ ತುಸು ದೊಡ್ಡದಾದ, ನಡುವೆ ಟೊಳ್ಳಿರುವ ಅಂಟುಪಟ್ಟಿಯನ್ನು ಉಕ್ಕಿನ ಮೇಲೆ ಅಂಟಿಸಿ, ಸಿರಿಂಜಿನಿಂದ ಅದರೊಳಗೆ ಕೆಲವು ಮಿಲಿಲೀಟರ್ ಶುದ್ಧೀಕರಿಸಿದ ನೀರು ತುಂಬಿ, ಕೆಲವು ಬಾರಿ ಎಳೆದು ಬಿಟ್ಟು, ಆ ನೀರಿನ ವಿದ್ಯುತ್ ವಾಹಕತೆಯನ್ನು ಮೀಟರಿನಲ್ಲಿ ನೋಡಿದರೆ ಒಂದು ಚದರ ಮೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಕೂತಿದೆ ಎಂಬುದು ತಿಳಿಯುತ್ತದೆ. ಕಣ್ಣಿಗೆ ಹೊಳೆಯುವಷ್ಟು ಉಜ್ಜಿದ ಉಕ್ಕು ಕೂಡ ಈ ಪರೀಕ್ಷೆಯಲ್ಲಿ ಸೋಲುವುದುಂಟು, ಏಕೆಂದರೆ ತುಕ್ಕಿನ ಗುಳಿಗಳ ತಳದಲ್ಲಿ ಉಪ್ಪು ಅಡಗಿರುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಎಪಾಕ್ಸಿ ಬಣ್ಣ ಬಳಿದರೂ ಉಪ್ಪು ಆ ಪದರದ ಮೂಲಕ ನೀರನ್ನು ಎಳೆದುಕೊಂಡು ಬೊಕ್ಕೆಗಳನ್ನು ಎಬ್ಬಿಸುತ್ತದೆ.

ಗಣ್ಯರು ಬರುತ್ತಾರೆಂದು ಹಿಂದಿನ ದಿನ ತುಕ್ಕಿನ ಮೇಲೆಯೇ ಹಸಿರು ಎನಾಮಲ್ ಬಳಿಯುವ ಪದ್ಧತಿಯನ್ನು ಹಲವು ಕಡೆ ನೋಡಿದ್ದೇನೆ. ಅದರಿಂದ ತುಕ್ಕು ನಿಲ್ಲುವುದಿಲ್ಲ, ಇತಿಹಾಸವಂತೂ ಮುಚ್ಚಿಹೋಗುತ್ತದೆ. ರೆಜಿಮೆಂಟಿನ ಗುರುತು, ಸೇತುವೆ ದಾಟಲು ತೂಕದ ವರ್ಗ ಸೂಚಿಸುವ ಅಂಕೆ, ಸಿಬ್ಬಂದಿ ಕೈಯಾರೆ ಬರೆದ ಹೆಸರು ಇವೆಲ್ಲ ಹಳೆಯ ಪದರಗಳಲ್ಲಿ ಇರಬಹುದು. ಮರಳು ಸಿಡಿಸಿ ಪೂರ್ತಿ ಉಜ್ಜಿಹಾಕುವ ಮುಂಚೆ ಗೋಪುರದ ಬದಿಯಲ್ಲಿ, ಮುಂಭಾಗದಲ್ಲಿ, ಹಿಂಬದಿಯಲ್ಲಿ ಅಂಗೈಯಗಲದ ಜಾಗಗಳನ್ನು ಆಯ್ದು, ಪದರ ಪದರವಾಗಿ ಕೆರೆದು, ಪ್ರತಿ ಹಂತದ ಛಾಯಾಚಿತ್ರ ತೆಗೆಯಲೇಬೇಕು. 1943ರಲ್ಲಿ ಟುನೀಷಿಯಾದಲ್ಲಿ ಸೆರೆಸಿಕ್ಕ, ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿರುವ ಜರ್ಮನ್ ಟೈಗರ್ 131 ಟ್ಯಾಂಕ್ ಇಂದಿಗೂ ಓಡುವ ಸ್ಥಿತಿಯಲ್ಲಿದೆ. ಹಾಗಿದ್ದೂ ಅದರ ಮೈಮೇಲಿನ ಗುಂಡೇಟಿನ ಗುರುತುಗಳನ್ನು ಮೆತ್ತಿ ಮುಚ್ಚಿಲ್ಲ. ನಮ್ಮಲ್ಲಾದರೆ ಪುಟ್ಟಿ ಹಚ್ಚಿ ಸಾಪಾಗಿಸಿದ ಮೇಲೆಯೇ ಗುತ್ತಿಗೆದಾರನ ಬಿಲ್ಲು ಪಾಸಾಗುವುದು.

ಎಂಜಿನ್ ಓಡಿಸುವ ವಿಚಾರವನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು. ಅದಕ್ಕೆ ಬೇಕಾದ ಬಿಡಿಭಾಗಗಳೂ ಕೈಗಳೂ ನಮ್ಮಲ್ಲಿಲ್ಲ. ಹಳೆಯ ಎಣ್ಣೆ, ಇಂಧನ, ಬ್ಯಾಟರಿಗಳನ್ನು ಮೊದಲೇ ಹೊರತೆಗೆಯಬೇಕು, ಅಷ್ಟೆ.

ಮಳೆಗಾಲದ ಅಪಾಯ ಇರುವುದು ಒಳಗೆ ನಿಲ್ಲುವ ನೀರಿನಲ್ಲಿ. ಎಂಜಿನ್ ಜಾಲರಿಯಿಂದ, ಮುಚ್ಚಳಗಳ ಸವೆದ ರಬ್ಬರಿನ ಸಂದಿಯಿಂದ ಇಳಿಯುವ ನೀರು ತಳದಲ್ಲಿ ಸೇರಿ, ತರಗೆಲೆಯೊಂದಿಗೆ ಕೆಸರಾಗಿ ವರ್ಷವಿಡೀ ಅಲ್ಲಿಯೇ ಉಳಿಯುತ್ತದೆ. ತಳದ ಬಿರಡೆಗಳನ್ನು ಬಿಚ್ಚಿ ತೂತುಗಳಿಗೆ ಸೊಳ್ಳೆಪರದೆ ಹಾಕಬೇಕು, ಫಿರಂಗಿಯ ಬಾಯಿಗೆ ಮುಚ್ಚಳ ಹಾಕಬೇಕು. ಟಾರ್ಪಾಲನ್ನು ಮೈಗಂಟಿಸಿ ಬಿಗಿಯುವುದು ಮಾತ್ರ ಬೇಡವೇ ಬೇಡ, ಅದರಡಿಯಲ್ಲಿ ಆವಿ ಹೊರಹೋಗದೆ ಉಕ್ಕು ಬೆವರುತ್ತದೆ.

ಗೋಡೆ ಕಟ್ಟಿ ಪೂರ್ತಿ ಮುಚ್ಚಿದ ಕಟ್ಟಡವಾದರೂ ಈ ಬೆವರಿನಿಂದ ತಪ್ಪಿಸಿಕೊಳ್ಳಲಾಗದು. ರಾತ್ರಿ ತಣಿದ 36 ಟನ್ ಉಕ್ಕು ಬೆಳಿಗ್ಗೆ ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ. ಬಾಗಿಲು ತೆರೆದ ಕೂಡಲೇ ಒಳನುಗ್ಗುವ ಬೆಚ್ಚಗಿನ ತೇವದ ಗಾಳಿ ಅದರ ಮೇಲೆ ಇಬ್ಬನಿಯಾಗುತ್ತದೆ. ತೇವ ಹೀರುವ ಯಂತ್ರ ಇಡುವುದಾದರೆ ಆರ್ದ್ರತೆ ಶೇ. 50ರ ಒಳಗಿರುವಂತೆ ಹಗಲೂ ರಾತ್ರಿ ನಡೆಸುವ ವಿದ್ಯುತ್ ಖರ್ಚಿಗೆ ಸಿದ್ಧರಿರಬೇಕು. ಕಟ್ಟಡದ ಜಾಗವೂ ಮುಖ್ಯ: ಜಗತ್ತಿನಲ್ಲಿ ಉಳಿದಿರುವ ಮೊದಲ ಮಹಾಯುದ್ಧ ಕಾಲದ ಏಕೈಕ ಜರ್ಮನ್ ಎ7ವಿ ಟ್ಯಾಂಕ್ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸಂಗ್ರಹಾಲಯದೊಳಗೆ ಭದ್ರವಾಗಿತ್ತು, 2011ರ ಜನವರಿಯ ನೆರೆನೀರು ಅಲ್ಲಿಗೂ ನುಗ್ಗಿತು. ನೇತ್ರಾವತಿ, ಗುರುಪುರ ಹೊಳೆಗಳ ತಗ್ಗಿಗಿಂತ ಕದ್ರಿಯಂಥ ಗುಡ್ಡದ ಮೇಲಿನ ಜಾಗ ಲೇಸು.

ಹಣ ಕಡಿಮೆಯಿದ್ದರೆ ನಾನು ಸೂಚಿಸುವುದು ಎತ್ತರದ ಮಾಡು, ಪಡುವಣ ಬದಿಗೆ ಮಾತ್ರ ಗೋಡೆ, ಇಳಿಜಾರಿನ ಕಾಂಕ್ರೀಟ್ ನೆಲ, ಪಕ್ಕದಲ್ಲೊಂದು ಸಿಹಿನೀರಿನ ನಲ್ಲಿ. ನವೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ, ಚಕ್ರಗಳ ಹಿಂಬದಿಯಿಂದ ಆರಂಭಿಸಿ ಹೊಟ್ಟೆಯ ಕೆಳಗಿನವರೆಗೆ ತೊಳೆಯಬೇಕು. ಸಂಜೆ ಬೇಡ, ರಾತ್ರಿಗೆ ಮುನ್ನ ಸಂದಿಗಳೆಲ್ಲ ಒಣಗುವಂತೆ ಬೆಳಿಗ್ಗೆ ಹತ್ತರೊಳಗೆ ತೊಳೆದು ಮುಗಿಸಬೇಕು. ನೀರು ಕೊಳವೆಬಾವಿಯದಾದರೆ ಅದರ ಉಪ್ಪನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ, ಕಡಲ ಹತ್ತಿರದ ಎಷ್ಟೋ ಬಾವಿಗಳ ನೀರು ಏಪ್ರಿಲ್ ಹೊತ್ತಿಗೆ ಸವಳಾಗಿರುತ್ತದೆ.