ಪದ ಪರಿಚಯ: ಜಾ ಅತ್ವಾಗು

ರಷ್ಯನ್ ಭಾಷೆಯಲ್ಲಿ ‘ಅತ್ವಾಗಾ’ ಅಂದರೆ ಧೈರ್ಯ. ಜೀವ ಹೋಗಬಹುದು ಅಂತ ಗೊತ್ತಿದ್ದೂ ಹೆಜ್ಜೆ ಮುಂದಿಡುವ ಧೈರ್ಯ. ನಮ್ಮ ‘ಎದೆಗಾರಿಕೆ’ ಇದಕ್ಕೆ ಹತ್ತಿರದ ಪದ. ‘ಜಾ’ ಅಂದರೆ ‘ಗಾಗಿ’. ನಾವು ಪದದ ಕೊನೆಗೆ ಸೇರಿಸುವುದನ್ನು ಅವರು ಮೊದಲೇ ಇಡುತ್ತಾರೆ. ಹಾಗಾಗಿ ‘ಜಾ ಅತ್ವಾಗು’ ಎಂದರೆ ‘ಎದೆಗಾರಿಕೆಗಾಗಿ’.

ಇದು ಸೋವಿಯತ್ ಒಕ್ಕೂಟದ ಒಂದು ಪದಕದ ಹೆಸರು. 1938ರ ಅಕ್ಟೋಬರ್ 17ರಂದು ಜಾರಿಗೆ ಬಂತು. 37 ಮಿಲಿಮೀಟರ್ ಅಗಲದ ಬೆಳ್ಳಿ ಬಿಲ್ಲೆ. ಮೇಲೆ ಮೂರು ವಿಮಾನ, ಕೆಳಗೊಂದು ಟ್ಯಾಂಕು, ನಡುವೆ ಕೆಂಪು ಅಕ್ಷರದಲ್ಲಿ ಈ ಎರಡು ಪದ. ಎರಡನೇ ಮಹಾಯುದ್ಧದಲ್ಲಿ ಇಂಥ 40 ಲಕ್ಷಕ್ಕೂ ಜಾಸ್ತಿ ಪದಕ ಕೊಟ್ಟರು. ಆದರೂ ಸೈನಿಕರ ಕಣ್ಣಲ್ಲಿ ಅದರ ಬೆಲೆ ಇಳಿಯಲಿಲ್ಲ. ಅದು ಸಿಗುತ್ತಿದ್ದುದು ಸ್ವಂತ ಧೈರ್ಯಕ್ಕೆ ಅಲ್ವಾ!

ಬಿಲ್ಲೆಯ ಮೇಲೆ ಟ್ಯಾಂಕಿದೆ, ವಿಮಾನವಿದೆ. ಆದರೆ ಇದನ್ನು ಪಡೆದ ಟೆಲಿಫೋನ್ ಸೈನಿಕರ ಕೈಯಲ್ಲಿ ಇದ್ದದ್ದು ಒಂದು ಫೋನ್ ಪೆಟ್ಟಿಗೆ, ತಂತಿಯ ಸುರುಳಿ. ಫಿರಂಗಿ ಎಲ್ಲಿಗೆ ಹೊಡೆಯಬೇಕು ಅನ್ನುವ ಮಾತು ನೆಲದ ಮೇಲೆ ಎಳೆದ ಆ ತಂತಿಯಲ್ಲೇ ಹೋಗಬೇಕಿತ್ತು. ಶೆಲ್ ಬಿದ್ದರೆ ತಂತಿ ತುಂಡು. ಆಗ ಒಬ್ಬರು ತಂತಿಯನ್ನು ಅಂಗೈಯಲ್ಲಿ ಹಿಡಿದು, ತೆವಳುತ್ತಾ ಹೋಗಿ, ತುಂಡಾದ ಜಾಗ ಹುಡುಕಿ ಗಂಟು ಹಾಕಬೇಕು. ಎಲ್ಲರೂ ಕಂದಕದಲ್ಲಿ ತಲೆ ತಗ್ಗಿಸಿ ಕೂತ ಹೊತ್ತಿನಲ್ಲೇ ಇವರು ಹೊರಗೆ ಬರಬೇಕು. 1942ರಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಮತ್ವೇಯ್ ಪುತಿಲೋವ್ ಎಂಬ ಇಂಥದೇ ಸೈನಿಕ ಗಾಯಗೊಂಡು ಸಾಯುವ ಮುಂಚೆ ತಂತಿಯ ಎರಡೂ ತುದಿಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಕಥೆ ಅಲ್ಲಿ ಇವತ್ತಿಗೂ ಹೇಳುತ್ತಾರೆ. ಪದಕದ ಶಿಫಾರಸು ಪತ್ರಗಳಲ್ಲಿ ಈ ಸೈನಿಕರ ಧೈರ್ಯವನ್ನು ಲೆಕ್ಕ ಹಾಕುತ್ತಿದ್ದುದೂ ಹೀಗೇ: ಗುಂಡಿನ ಮಳೆಯಲ್ಲಿ ಎಷ್ಟು ಕಡೆ ತಂತಿ ಜೋಡಿಸಿದರು ಅಂತ.

ಇದರ ಜೊತೆಗೇ ಹುಟ್ಟಿದ ಇನ್ನೊಂದು ಪದಕ ‘ಜಾ ಬಯೆವೀಯೆ ಜಸ್ಲೂಗಿ’, ಅಂದರೆ ‘ಯುದ್ಧದ ಸೇವೆಗಾಗಿ’. ಟೆಲಿಫೋನ್ ಸೈನಿಕರಿಗೆ ಇದೂ ಸಿಗುತ್ತಿತ್ತು.

ಫೋನ್ ನೋಡಿಕೊಳ್ಳುವ ಹೆಣ್ಣುಮಗಳಿಗೆ ‘ಟೆಲಿಫೊನಿಸ್ತ್ಕಾ’ ಅನ್ನುತ್ತಾರೆ. 1942ರಿಂದ ಸಾವಿರಾರು ಯುವತಿಯರು ಈ ಕೆಲಸಕ್ಕೆ ಬಂದರು. ಯುದ್ಧ ಮುಗಿದ ಮೇಲೆ ಇವರಿಗೆ ಆದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ‘ಹೆಂಗಸಿಗೆ ಪದಕ ಯಾಕೆ ಸಿಕ್ಕಿತೋ’ ಅಂತ ಕೊಂಕು ಮಾತಾಡಿದವರಿದ್ದರು. ಆ ಮಾತಿಗೆ ನೊಂದು ಎಷ್ಟೋ ಹೆಣ್ಣುಮಕ್ಕಳು ಪದಕವನ್ನು ಪೆಟ್ಟಿಗೆಯಲ್ಲಿಟ್ಟರು. ವರ್ಷಗಟ್ಟಲೆ ಹೊರಗೆ ತೆಗೆಯಲೇ ಇಲ್ಲ.