ರೋಮಿನ ನಾಣ್ಯ: ಮುಖ, ಬಾಕು, ಮೊಸಳೆ

ಕ್ರಿ.ಪೂ. 44ರವರೆಗೆ ರೋಮ್ ನಗರದ ಟಂಕಸಾಲೆ ಬದುಕಿರುವ ರೋಮನ್ನರ ಮುಖವನ್ನು ನಾಣ್ಯಕ್ಕೆ ಒತ್ತುತ್ತಿರಲಿಲ್ಲ. ಹಾಗೆ ಮುಖ ಹಾಕಿಸಿಕೊಳ್ಳುವುದು ರಾಜರ ಪದ್ಧತಿ. ರೋಮನ್ನರಿಗೋ ರಾಜರೆಂದರೆ ಆಗದು. ಆ ವರ್ಷದ ಆರಂಭದಲ್ಲಿ ಜೂಲಿಯಸ್ ಸೀಸರನ ಮುಖ ಬಂತು, ಜೊತೆಗೆ 'ಆಜೀವ ಸರ್ವಾಧಿಕಾರಿ' ಎಂಬ ಬರಹ. ಮಾರ್ಚ್ 15ಕ್ಕೆ ಅವನ ಕೊಲೆಯಾಯಿತು.

ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಮುಂದೆ ಸೈನ್ಯ ಕಟ್ಟಿದಾಗ ತಾನೂ ನಾಣ್ಯ ಹೊರಡಿಸಿದ. ಒಂದು ಬದಿಯಲ್ಲಿ ಎರಡು ಬಾಕು, ನಡುವೆ ಬಿಡುಗಡೆ ಪಡೆದ ಗುಲಾಮರು ತೊಡುವ ಟೋಪಿ, ಕೆಳಗೆ ಕೊಲೆಯ ದಿನ. ಇನ್ನೊಂದು ಬದಿಯಲ್ಲಿ ಬ್ರೂಟಸನದೇ ಮುಖ! ಸೀಸರ್ ಹಾಕಿಕೊಟ್ಟ ರೂಢಿಯನ್ನು ಅವನ ಕೊಲೆಗಾರನೂ ಬಿಡಲಿಲ್ಲ. ಈ ಪುಟ್ಟ ಬೆಳ್ಳಿ ಬಿಲ್ಲೆಯಷ್ಟು ಚೆನ್ನಾಗಿ, ರಾಜರಿಲ್ಲದ ರೋಮನ್ ಗಣರಾಜ್ಯದ ಸಾವನ್ನು ಹೇಳುವ ವಸ್ತು ಬೇರೆ ಇಲ್ಲ ಅನಿಸುತ್ತದೆ.

ಆಮೇಲೆ ಚಿತ್ರಗಳ ಸಾಲೇ ಬಂತು. ಈಜಿಪ್ಟ್ ಗೆದ್ದ ಸುದ್ದಿಗೆ ಕ್ರಿ.ಪೂ. 28ರ ನಾಣ್ಯದಲ್ಲಿ ಒಂದು ಮೊಸಳೆ. ಕ್ರಿ.ಶ. 70ರಲ್ಲಿ ಜೆರುಸಲೇಂ ಬಿದ್ದ ಮೇಲೆ ಚಕ್ರವರ್ತಿ ವೆಸ್ಪಾಸಿಯನ್ನನ ನಾಣ್ಯದಲ್ಲಿ ಖರ್ಜೂರದ ಮರ, ಅದರಡಿ ದುಃಖದಲ್ಲಿ ಕೂತ ಹೆಂಗಸು. ಸೋತ ಯಹೂದಿಗಳ ನಾಡು ಯೂದಾಯವೇ ಅವಳು. ಓದು ಬಾರದವರಿಗೂ ಅರ್ಥವಾಗುವಂಥ ಚಿತ್ರ, ಅಲ್ವಾ?

ಆದರೆ ಈ ಚಿತ್ರಗಳನ್ನು ಸುಮ್ನೆ ನಂಬುವ ಹಾಗಿಲ್ಲ. ಮೂರನೇ ಶತಮಾನದಲ್ಲಿ ಸೈನಿಕರೇ ಚಕ್ರವರ್ತಿಗಳನ್ನು ಕೊಂದು ಹೊಸಬರನ್ನು ಕೂರಿಸುತ್ತಿದ್ದರು. ಅದೇ ಕಾಲದ ನಾಣ್ಯಗಳಲ್ಲಿ ಸೈನ್ಯದ ಧ್ವಜ ಹಿಡಿದ ದೇವಿ ಮತ್ತೆ ಮತ್ತೆ ಕಾಣುತ್ತಾಳೆ, 'ಸೈನಿಕರ ನಿಷ್ಠೆ' ಎಂಬ ಬರಹದೊಂದಿಗೆ. ಇಲ್ಲದ್ದನ್ನೇ ಜಾಸ್ತಿ ಸಾರಬೇಕಿತ್ತು. ಲೋಹವೂ ಕೆಟ್ಟಿತ್ತು. ಮೊದಲ ಚಕ್ರವರ್ತಿ ಆಗಸ್ಟಸನ ಕಾಲದಲ್ಲಿ ಬಹುತೇಕ ಅಪ್ಪಟವಾಗಿದ್ದ ಬೆಳ್ಳಿ, 260ರ ದಶಕದ ಕೊನೆಗೆ ಶೇ. 5ಕ್ಕೂ ಕೆಳಗಿಳಿಯಿತು.

ವ್ಯಾಪಾರದಲ್ಲಿ ನಮ್ಮ ಕಡೆಗೆ ಬಂದದ್ದು ಹೆಚ್ಚಾಗಿ ಹಳೆಯ, ಒಳ್ಳೆಯ ಬೆಳ್ಳಿ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ತುಂಬಾ ಸಿಗುವ ಒಂದು ನಾಣ್ಯದಲ್ಲಿ ಗುರಾಣಿ, ಈಟಿಗಳ ಜೊತೆ ನಿಂತ ಇಬ್ಬರು ಹುಡುಗರಿದ್ದಾರೆ. ಅವರು ಗೈಯಸ್, ಲೂಸಿಯಸ್. ಆಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಮುಂದಿನ ವಾರಸುದಾರರು. ಇಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು.

ಇಲ್ಲಿನ ವ್ಯಾಪಾರಿಗೆ ಆ ವಂಶದ ಕಥೆಗಿಂತ ಲೋಹ ಮುಖ್ಯವಾಗಿದ್ದಿರಬೇಕು. ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯಲ್ಲಿ 1898ರಲ್ಲಿ 501 ಚಿನ್ನದ ನಾಣ್ಯಗಳು ಸಿಕ್ಕವು. ಹೆಚ್ಚಿನವುಗಳಲ್ಲಿ ಚಕ್ರವರ್ತಿಯ ಮುಖಕ್ಕೇ ಉಳಿಯ ಏಟು ಬಿದ್ದಿದೆ.